ಬೀಗದ ಕೈ ಯಾರ ಹೆಸರಿನಲ್ಲಿದೆ?

(ಟ್ರಸ್ಟಿನ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ, ಪೀಣ್ಯದ ಐಟಿ ಸಪೋರ್ಟ್ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಿರುವ ಹಿಂದಿನ ಫಲಾನುಭವಿ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಪಠ್ಯ)





ಹದಿಮೂರು ವರ್ಷಗಳ ಹಿಂದೆ ಇದೇ ಸಭೆಯಲ್ಲಿ ನಾನು ಹಿಂದಿನ ಸಾಲಿನಲ್ಲಿ ಅಬ್ಬಾನ ಪಕ್ಕದಲ್ಲಿ ಕುಳಿತಿದ್ದೆ. ಅಬ್ಬಾ ಪೀಣ್ಯದ ವರ್ಕ್‌ಶಾಪಿನಲ್ಲಿ ಲೇತ್ ಆಪರೇಟರ್. ಡಿಪ್ಲೊಮಾದ ಎರಡನೇ ವರ್ಷದ ಶುಲ್ಕ ಕಟ್ಟಲು ದಾರಿ ಕಾಣದೆ ಇದ್ದಾಗ ಟ್ರಸ್ಟ್ ಕೈ ಹಿಡಿಯಿತು. ಇಂದು ವೇದಿಕೆಯ ಮೇಲೆ ನಿಲ್ಲಿಸಿದ್ದೀರಿ. ನನ್ನ ಕೆಲಸದ ಬಗ್ಗೆ ಮಾತಾಡು ಎಂದು ಹೇಳಿದ್ದೀರಿ. ಅದನ್ನೇ ಮಾತಾಡುತ್ತೇನೆ.

ನಾನು ಏನು ಕೆಲಸ ಮಾಡುತ್ತೇನೆ ಎಂದು ಅಮ್ಮಿ ಇಂದಿಗೂ ಕೇಳುತ್ತಾರೆ. "ಕಂಪ್ಯೂಟರ್ ರಿಪೇರಿನಾ?" ಎನ್ನುತ್ತಾರೆ. ಅರ್ಧ ಹೌದು. ಪೀಣ್ಯ, ಬೊಮ್ಮಸಂದ್ರ, ವೈಟ್‌ಫೀಲ್ಡ್ ಕಡೆಯ ಸಣ್ಣ ಕಾರ್ಖಾನೆಗಳಲ್ಲಿ ಇಪ್ಪತ್ತು, ಮೂವತ್ತು, ಐವತ್ತು ಕಂಪ್ಯೂಟರ್ ಇರುತ್ತವೆ. ಅವುಗಳನ್ನು ನೋಡಿಕೊಳ್ಳಲು ಸ್ವಂತ ಇಂಜಿನಿಯರ್ ಇಟ್ಟುಕೊಳ್ಳುವಷ್ಟು ದೊಡ್ಡ ಸಂಸ್ಥೆಗಳಲ್ಲ ಅವು. ತಿಂಗಳಿಗೆ ಇಂತಿಷ್ಟು ಎಂದು ಗುತ್ತಿಗೆ ಮಾಡಿಕೊಂಡು ನಮ್ಮಂಥವರಿಗೆ ಒಪ್ಪಿಸುತ್ತಾರೆ. ಪ್ರಿಂಟರ್ ನಿಂತರೆ ನಾವು, ಬ್ಯಾಕಪ್ ಕೆಟ್ಟರೆ ನಾವು. ಆದರೆ ದಿನವೂ ಮಾಡುವ ಮುಖ್ಯ ಕೆಲಸ ಬೇರೆ. ಯಾರು ಒಳಗೆ ಬರಬಹುದು, ಯಾವ ಕೋಣೆಯವರೆಗೆ ಹೋಗಬಹುದು, ಯಾವತ್ತು ಅವರಿಗೆ ಬಾಗಿಲು ಮುಚ್ಚಬೇಕು ಎಂಬ ಲೆಕ್ಕ ಇಡುವುದು. ಅಂದರೆ ಬಳಕೆದಾರರ ಖಾತೆಗಳನ್ನು ನೋಡಿಕೊಳ್ಳುವುದು.

ಕಾರ್ಖಾನೆಯ ಗೇಟಿನಲ್ಲಿ ಟೈಮ್ ಆಫೀಸ್ ಇರುತ್ತದಲ್ಲ, ಹಾಗೆ ಕಂಪ್ಯೂಟರ್‌ಗಳಿಗೂ ಒಂದು ಟೈಮ್ ಆಫೀಸ್ ಉಂಟು. ಅದಕ್ಕೆ ಡೊಮೈನ್ ಕಂಟ್ರೋಲರ್ ಎನ್ನುತ್ತಾರೆ. ಸಾಮಾನ್ಯವಾಗಿ ಅಕೌಂಟ್ಸ್ ಕೋಣೆಯ ಮೂಲೆಯಲ್ಲಿ, ಯುಪಿಎಸ್ ಪಕ್ಕದಲ್ಲಿ ಗುಂಯ್‌ಗುಡುವ ಸರ್ವರ್ ಅದೇ. ಅದರೊಳಗಿನ ಹೆಸರಿನ ಪುಸ್ತಕವೇ ಆಕ್ಟಿವ್ ಡೈರೆಕ್ಟರಿ. ಮೈಕ್ರೋಸಾಫ್ಟ್ ಇದನ್ನು ವಿಂಡೋಸ್ 2000 ಸರ್ವರ್ ಜೊತೆ ತಂದಿತು. ಇಂದು ಎಲ್ಲವೂ ಕ್ಲೌಡ್‌ಗೆ ಹೋಯಿತು ಎನ್ನುತ್ತಾರೆ. ಪೀಣ್ಯದಲ್ಲಿ ಎಲ್ಲವೂ ಹೋಗಿಲ್ಲ. ಡ್ರಾಯಿಂಗ್ ಫೈಲ್‌ಗಳು, ಟ್ಯಾಲಿ ಲೆಕ್ಕ, ಸಿಎನ್‌ಸಿ ಯಂತ್ರಕ್ಕೆ ಕೊಡುವ ಪ್ರೋಗ್ರಾಂಗಳು ಇನ್ನೂ ಕಾರ್ಖಾನೆಯ ಗೋಡೆಯೊಳಗಿನ ಸರ್ವರ್‌ನಲ್ಲೇ ಇವೆ. ರಸ್ತೆ ಅಗೆಯುವಾಗ ಕೇಬಲ್ ತುಂಡಾಗಿ ಇಂಟರ್‌ನೆಟ್ ಹೋದರೂ ಶಿಫ್ಟ್ ನಿಲ್ಲಬಾರದಲ್ಲ!

ಈ ಕೆಲಸದಲ್ಲಿ ನಾನು ಕಲಿತ ಮೊದಲ ಪಾಠ ನನ್ನದೇ ತಪ್ಪಿನಿಂದ.

ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು. ಒಂದು ಕಾರ್ಖಾನೆಯಲ್ಲಿ ಸಂಬಳದ ಲೆಕ್ಕ ಬರೆಯುತ್ತಿದ್ದ ಮೇಡಂ ಕೆಲಸ ಬಿಟ್ಟರು. ಮಾಲೀಕರು ಫೋನ್ ಮಾಡಿ, "ಅವರ ಅಕೌಂಟ್ ತೆಗೆದುಬಿಡಪ್ಪ" ಎಂದರು. ನಾನು ತೆಗೆದುಬಿಟ್ಟೆ. ಡಿಲೀಟ್ ಒತ್ತಿದೆ, ಒಂದು ಕ್ಷಣದ ಕೆಲಸ. ನಾಲ್ಕು ದಿನ ಕಳೆದು ಮತ್ತೆ ಫೋನ್. ಹೊಸಬರು ಸಿಗುವವರೆಗೆ ಒಂದು ತಿಂಗಳು ಬಂದು ಹೋಗಲು ಮೇಡಂ ಒಪ್ಪಿದ್ದಾರೆ, ಖಾತೆ ವಾಪಸ್ ಹಾಕು ಎಂದರು. ಅದಕ್ಕೇನು ಎಂದುಕೊಂಡು ಅದೇ ಹೆಸರಿನಲ್ಲಿ ಹೊಸ ಖಾತೆ ಮಾಡಿಕೊಟ್ಟೆ. ಮೇಡಂ ಲಾಗಿನ್ ಆದರು. ಡೆಸ್ಕ್‌ಟಾಪ್ ಖಾಲಿ. ಸಂಬಳದ ಫೋಲ್ಡರ್ ತೆರೆಯುವುದಿಲ್ಲ. ಅಂದು ಆರನೇ ತಾರೀಖು. ಏಳಕ್ಕೆ ನೂರಾ ಹತ್ತು ಜನರಿಗೆ ಸಂಬಳ ಆಗಬೇಕು.

ನಮ್ಮ ಹಿರಿಯ ಇಂಜಿನಿಯರ್ ಸಂಜೆ ಬಂದು ನೋಡಿದರು. ಬೈಯಲಿಲ್ಲ. "ತಮ್ಮಾ, ಹೆಸರು ಒಂದೇ ಆದರೆ ಆಳೂ ಒಂದೇ ಅಂದ್ಕೊಂಡ್ಯಾ?" ಎಂದು ಕೇಳಿದರು, ಅಷ್ಟೆ.

ವಿಷಯ ಇಷ್ಟು. ನಮಗೆ ಕಾಣುವುದು ಹೆಸರು, ಸರ್ವರ್ ನೆನಪಿಡುವುದು ಸಂಖ್ಯೆ. ಪ್ರತಿಯೊಂದು ಖಾತೆ ಹುಟ್ಟಿದಾಗಲೂ ಅದಕ್ಕೊಂದು ಗುರುತಿನ ಸಂಖ್ಯೆ ಸಿಗುತ್ತದೆ. ಅದನ್ನು ಎಸ್‌ಐಡಿ ಎನ್ನುತ್ತಾರೆ. ಎಸ್-1-5-21 ಎಂದು ಶುರುವಾಗುವ ಉದ್ದನೆಯ ಸಂಖ್ಯೆ ಅದು. ಫೋಲ್ಡರ್‌ನ ಬಾಗಿಲಲ್ಲಿ ಬರೆದಿರುವುದು ಆ ಸಂಖ್ಯೆ, ಹೆಸರಲ್ಲ. ಖಾತೆ ಅಳಿಸಿದರೆ ಸಂಖ್ಯೆಯೂ ಹೋಯಿತು. ಅದೇ ಹೆಸರಿನಲ್ಲಿ ಮತ್ತೆ ಮಾಡಿದರೆ ಬರುವುದು ಹೊಸ ಸಂಖ್ಯೆ, ಸರ್ವರ್ ಪಾಲಿಗೆ ಹೊಸ ಆಳು. ಅಳಿಸಿದ್ದನ್ನು ಮರಳಿ ತರುವ ರಿಸೈಕಲ್ ಬಿನ್ ಸೌಲಭ್ಯ ವಿಂಡೋಸ್ ಸರ್ವರ್ 2008 ಆರ್2 ಕಾಲದಿಂದ ಉಂಟು. ಆದರೆ ಅದನ್ನು ಯಾರಾದರೂ ಮುಂಚೆಯೇ ಚಾಲೂ ಮಾಡಿರಬೇಕು. ಅಲ್ಲಿ ಯಾರೂ ಮಾಡಿರಲಿಲ್ಲ. ಅಂದು ರಾತ್ರಿ ಇಬ್ಬರೂ ಕುಳಿತು ಒಂದೊಂದೇ ಫೋಲ್ಡರ್‌ಗೆ ಅನುಮತಿ ಹಾಕಿದೆವು, ಹಳೆಯ ಡೆಸ್ಕ್‌ಟಾಪಿನ ಫೈಲ್‌ಗಳನ್ನು ಹುಡುಕಿ ತಂದೆವು. ಮುಗಿಯುವಾಗ ಫಜರ್ ಹೊತ್ತು. ಏಳನೇ ತಾರೀಖು ಮಧ್ಯಾಹ್ನ ಸಂಬಳ ಆಯಿತು.

ಆ ನೂರಾ ಹತ್ತು ಜನರಲ್ಲಿ ಯಾರಿಗೂ ನಾನು ಗೊತ್ತಿಲ್ಲ. ಆದರೆ ನನ್ನ ಒಂದು ಬೆರಳ ತುದಿ ಅವರ ಮನೆಬಾಡಿಗೆಯ ಮೇಲಿತ್ತು. ಅಬ್ಬಾನ ಸಂಬಳ ಒಂದು ದಿನ ತಡವಾದರೆ ನಮ್ಮ ಮನೆಯಲ್ಲಿ ಏನಾಗುತ್ತಿತ್ತು ಎಂಬುದು ನನಗೆ ಚೆನ್ನಾಗಿ ನೆನಪಿದೆ.

ಅಂದಿನಿಂದ ನಮ್ಮಲ್ಲಿ ಒಂದು ನಿಯಮ. ಕೆಲಸ ಬಿಟ್ಟವರ ಖಾತೆಯನ್ನು ಅಳಿಸುವುದಿಲ್ಲ, ಅಮಾನತ್ತಿನಲ್ಲಿಡುತ್ತೇವೆ. ಈ ಪದ ನೋಡಿ. ಕಚೇರಿಯ ಕನ್ನಡದಲ್ಲಿ ಅಮಾನತು ಎಂದರೆ ತಾತ್ಕಾಲಿಕವಾಗಿ ಕೆಲಸದಿಂದ ದೂರ ಇಡುವುದು. ನಮ್ಮ ಮನೆಯ ಉರ್ದುವಿನಲ್ಲಿ ಅಮಾನತ್ ಎಂದರೆ ಒಬ್ಬರು ನಂಬಿ ನಮ್ಮ ಬಳಿ ಇಟ್ಟುಹೋದ ವಸ್ತು. ಎರಡೂ ಒಂದೇ ಪದ. ಈ ಕೆಲಸದಲ್ಲಿ ಎರಡೂ ಅರ್ಥ ಬೇಕು. ಖಾತೆಯನ್ನು ನಿಷ್ಕ್ರಿಯ ಮಾಡುತ್ತೇವೆ, ಅದರಲ್ಲಿರುವುದನ್ನು ಜೋಪಾನ ಮಾಡುತ್ತೇವೆ.

ಹೇಗೆ ಮಾಡುತ್ತೇವೆ ಎಂದೂ ಹೇಳುತ್ತೇನೆ. ಇಲ್ಲಿ ಸ್ವಂತ ಕಾರ್ಖಾನೆ, ಅಂಗಡಿ, ಶಾಲೆ ನಡೆಸುವ ದಾನಿಗಳಿದ್ದೀರಿ, ನಿಮಗೆ ಉಪಯೋಗವಾಗಬಹುದು. ನೌಕರ ಬಿಟ್ಟ ದಿನವೇ ಕಾರ್ಖಾನೆಯಿಂದ ಬರಹದಲ್ಲಿ ಸೂಚನೆ ಬರಬೇಕು, ಬಾಯಿಮಾತು ಸಾಲದು. ಅಂದೇ ಖಾತೆ ನಿಷ್ಕ್ರಿಯ, ಪಾಸ್‌ವರ್ಡ್ ಬದಲು, ಹೊರಗಿನಿಂದ ಬರುವ ವಿಪಿಎನ್ ದಾರಿ ಬಂದ್. ಆಗಲೇ ಲಾಗಿನ್ ಆಗಿರುವವರನ್ನು ಹೊರಗೆ ಕಳಿಸುವುದನ್ನೂ ಮರೆಯಬಾರದು. ಡೊಮೈನ್ ಕೊಡುವ ಟಿಕೆಟ್‌ಗೆ ಸಾಮಾನ್ಯವಾಗಿ 10 ಗಂಟೆ ಆಯುಷ್ಯ. ಬೆಳಗ್ಗೆ ಕೊಂಡ ಬಿಎಂಟಿಸಿ ದಿನದ ಪಾಸ್ ರಾತ್ರಿಯವರೆಗೆ ನಡೆಯುವ ಹಾಗೆ, ಅದಾಗಲೇ ತೆರೆದ ಕೆಲವು ಬಾಗಿಲುಗಳು ಸ್ವಲ್ಪ ಹೊತ್ತು ತೆರೆದೇ ಇರುತ್ತವೆ. ಆಮೇಲೆ ಆ ಖಾತೆಯ ಹೆಸರಿನಲ್ಲಿ ಬ್ಯಾಕಪ್‌ನಂಥ ಕೆಲಸ ಏನಾದರೂ ಓಡುತ್ತಿದೆಯೇ ಎಂದು ನೋಡಬೇಕು. ಇದ್ದರೆ ಮರುದಿನದಿಂದ ಅದು ಸದ್ದಿಲ್ಲದೆ ನಿಲ್ಲುತ್ತದೆ, ಡಿಸ್ಕ್ ಕೆಡುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಅವರ ಫೈಲ್‌ಗಳನ್ನು ಯಾರಿಗೆ ಒಪ್ಪಿಸಿದೆವು, ಯಾವ ತಾರೀಖು, ಯಾರ ಆದೇಶ ಎಂಬುದನ್ನು ಖಾತೆಯ ವಿವರಣೆಯಲ್ಲೇ ಬರೆದಿಡುತ್ತೇವೆ. ಮೂರು ತಿಂಗಳ ನಂತರ ಕಾರ್ಖಾನೆಯವರನ್ನೇ ಕೇಳಿ, ಬೇಡವೆಂದರೆ ಮಾತ್ರ ಅಳಿಸುತ್ತೇವೆ.

ಎರಡನೇ ಪಾಠ ಇದಕ್ಕಿಂತ ಕಹಿ.

ಮೂರು ಶಿಫ್ಟ್ ನಡೆಯುವ ಒಂದು ಘಟಕ. ಸ್ಟೋರ್ಸ್‌ನಲ್ಲಿ ಒಂದೇ ಕಂಪ್ಯೂಟರ್. ಅದಕ್ಕೆ ಒಬ್ಬ ಹುಡುಗನ ಹೆಸರಿನ ಲಾಗಿನ್, ಪಾಸ್‌ವರ್ಡ್ ಮಾನಿಟರ್ ಮೇಲೆ ಚೀಟಿಯಲ್ಲಿ. ಎಲ್ಲರೂ ಅದರಲ್ಲೇ ಕೆಲಸ ಮಾಡುತ್ತಿದ್ದರು. ಒಂದು ದಿನ ದುಬಾರಿ ಕಟಿಂಗ್ ಟೂಲ್‌ಗಳು ಸ್ಟಾಕ್‌ನಲ್ಲಿ ಕಡಿಮೆ ಬಂದವು. ಕಂಪ್ಯೂಟರ್‌ನಲ್ಲಿ ನೋಡಿದರೆ ರಾತ್ರಿ 10.40ಕ್ಕೆ ಅವುಗಳನ್ನು ವಿತರಿಸಿದ್ದಾಗಿ ನಮೂದಾಗಿತ್ತು. ನಮೂದಿಸಿದವರ ಹೆಸರು ಆ ಹುಡುಗನದು. ನನ್ನನ್ನು ಕರೆದು ಲಾಗ್ ತೆಗೆದುಕೊಡಿ ಎಂದರು. ಲಾಗ್ ಹೇಳಿದ್ದೂ ಅದನ್ನೇ. ಈ ಕಂಪ್ಯೂಟರ್, ಈ ಹೆಸರು, ಈ ಹೊತ್ತು. ಲಾಗ್ ಸುಳ್ಳು ಹೇಳುವುದಿಲ್ಲ. ಆದರೆ ಒಂದು ಹೆಸರಿನ ಹಿಂದೆ ಏಳು ಜನ ಇದ್ದಾಗ ಅದು ನಿಜವನ್ನೂ ಹೇಳಲಾರದು.

ಹುಡುಗನನ್ನು ಉಳಿಸಿದ್ದು ಗೇಟಿನ ಹಾಜರಿ ಯಂತ್ರ. ಅಂದು ಸಂಜೆ 6.15ಕ್ಕೇ ಅವನು ಬೆರಳು ಒತ್ತಿ ಹೊರಗೆ ಹೋಗಿದ್ದ. ಕೆಲಸ ಉಳಿಯಿತು. ಯಾರು ಮಾಡಿದರು ಎಂಬುದು ಕೊನೆಗೂ ಗೊತ್ತಾಗಲಿಲ್ಲ. ಎರಡು ತಿಂಗಳಲ್ಲಿ ಅವನೇ ಕೆಲಸ ಬಿಟ್ಟ. "ಸಾರ್, ಎಲ್ಲರೂ ನನ್ನ ಬ್ಯಾಗ್ ನೋಡ್ತಾರೆ" ಎಂದು ನನ್ನ ಬಳಿ ಹೇಳಿದ.

ಪ್ರತಿಯೊಬ್ಬರಿಗೂ ಅವರವರ ಖಾತೆ ಕೊಡಿ ಎಂದರೆ ಮಾಲೀಕರು ಖರ್ಚಿನ ಮಾತು ಎತ್ತುತ್ತಾರೆ. ಹೆಸರಿಗೊಂದು ಲೈಸೆನ್ಸ್ ಬೇಕಲ್ಲ ಎನ್ನುತ್ತಾರೆ. ವಿಂಡೋಸ್ ಸರ್ವರ್ ಬಳಸುವ ಲೈಸೆನ್ಸನ್ನು ಆಳಿಗೆ ಇಷ್ಟು ಎಂದೂ ಕೊಳ್ಳಬಹುದು, ಯಂತ್ರಕ್ಕೆ ಇಷ್ಟು ಎಂದೂ ಕೊಳ್ಳಬಹುದು. ಮೂರು ಶಿಫ್ಟಿನವರು ಒಂದೇ ಕಂಪ್ಯೂಟರ್ ಬಳಸುವಲ್ಲಿ ಯಂತ್ರದ ಲೆಕ್ಕದಲ್ಲಿ ಒಂದು ಕೊಂಡರೆ ಸಾಕು, ಅದರ ಮುಂದೆ ಏಳು ಜನ ಏಳು ಹೆಸರಿನಲ್ಲಿ ಕೂರಬಹುದು. ಇದನ್ನು ಮೊದಲೇ ಹೇಳಬೇಕಿತ್ತು. ಆ ಘಟಕಕ್ಕೆ ನಾವು ಹೇಳಿರಲಿಲ್ಲ. ಅದು ನಮ್ಮ ತಪ್ಪು.

ಈ ವಿಚಾರದಲ್ಲಿ ನಮ್ಮ ರಾಜ್ಯದ ಸರ್ಕಾರವೇ ಹಿಂದೆ ಒಳ್ಳೆಯ ಮಾದರಿ ತೋರಿಸಿದೆ. ಕಂದಾಯ ಇಲಾಖೆಯ 'ಭೂಮಿ' ಯೋಜನೆ ಬಂದು ಪಹಣಿಗಳು ಕಂಪ್ಯೂಟರ್‌ಗೆ ಹೋದಾಗ, ತಾಲ್ಲೂಕು ಕಚೇರಿಯಲ್ಲಿ ದಾಖಲೆ ತಿದ್ದುವ ನೌಕರರು ಬೆರಳಚ್ಚು ಕೊಟ್ಟೇ ಒಳಗೆ ಹೋಗುವ ವ್ಯವಸ್ಥೆ ಮಾಡಿದರು. ನನ್ನ ಪಾಸ್‌ವರ್ಡ್ ಬೇರೆಯವರು ಬಳಸಿದರು ಎಂದು ಯಾರೂ ಹೇಳುವಂತಿರಬಾರದು, ಮಾಡದ ತಪ್ಪು ಯಾರ ತಲೆಗೂ ಬರಬಾರದು. ರೈತನ ಜಮೀನಿಗೆ ಸಲ್ಲುವ ಎಚ್ಚರ ಸ್ಟೋರ್ಸ್ ಹುಡುಗನ ಹೆಸರಿಗೂ ಸಲ್ಲಬೇಕು.

ಕಾನೂನೂ ಈಗ ಇದೇ ಕಡೆ ಇದೆ. ಕೇಂದ್ರ ಸರ್ಕಾರದ ಸಿಇಆರ್‌ಟಿ-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಸೈಬರ್ ದಾಳಿಯಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಆದರೆ ಎಲ್ಲರೂ ಒಂದೇ ಹೆಸರಿನಲ್ಲಿ ಬಂದುಹೋಗುವ ಕಡೆ 180 ದಿನದ ಲಾಗ್ ಇದ್ದರೂ ಅದರಿಂದ ತಿಳಿಯುವುದೇನು?

ಮೂರನೇ ಪಾಠ ನಮ್ಮ ಮೇಲೆಯೇ, ಅಂದರೆ ಸಪೋರ್ಟ್ ಕೊಡುವವರ ಮೇಲೆ.

ಕಾರ್ಖಾನೆಯ ನೌಕರನ ಕೈಯಲ್ಲಿ ಒಂದು ಕೋಣೆಯ ಬೀಗದ ಕೈ ಇದ್ದರೆ, ನಮ್ಮ ಕೈಯಲ್ಲಿ ಇಡೀ ಕಟ್ಟಡದ್ದಿರುತ್ತದೆ. ಅದೂ ಒಂದಲ್ಲ, ಹತ್ತಾರು ಕಟ್ಟಡಗಳದ್ದು. ಕಳ್ಳನಿಗೆ ಇದು ಗೊತ್ತು. ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ವಿಪ್ರೋ ಸಂಸ್ಥೆ 2019ರ ಏಪ್ರಿಲ್‌ನಲ್ಲಿ ತನ್ನ ಕೆಲವು ನೌಕರರ ಖಾತೆಗಳು ಫಿಶಿಂಗ್ ದಾಳಿಗೆ ತುತ್ತಾಗಿವೆ ಎಂದು ಒಪ್ಪಿಕೊಂಡಿತು. ಆ ದಾರಿಯಿಂದ ಅದರ ಗ್ರಾಹಕರನ್ನು ಗುರಿ ಮಾಡಲಾಗಿತ್ತು ಎಂದು ಆಗ ವರದಿಯಾಯಿತು. ಅಷ್ಟು ದೊಡ್ಡ ಸಂಸ್ಥೆಗೇ ಹೀಗಾದರೆ ಎಂಟು ಜನರ ನಮ್ಮ ಆಫೀಸು ಯಾವ ಲೆಕ್ಕ? ಅಮೆರಿಕದಲ್ಲಿ 2021ರ ಮೇ ತಿಂಗಳಲ್ಲಿ ಕಲೋನಿಯಲ್ ಪೈಪ್‌ಲೈನ್ ಎಂಬ ಇಂಧನ ಕೊಳವೆಮಾರ್ಗ ಹಲವು ದಿನ ನಿಂತುಹೋಯಿತು. ದಾಳಿಕೋರರು ಬಂದದ್ದು ಯಾರೂ ಬಳಸದೆ ಹಾಗೇ ಉಳಿದಿದ್ದ ಒಂದು ಹಳೆಯ ವಿಪಿಎನ್ ಖಾತೆಯಿಂದ. ಹೋದವರ ಖಾತೆ ಮುಚ್ಚದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ಇನ್ನೊಂದು ಬಗೆಯ ಅಪಾಯವೂ ಇದೆ. 2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ನೆಟ್‌ವರ್ಕ್ ಇಂಜಿನಿಯರ್ ಒಬ್ಬರು ಪಾಸ್‌ವರ್ಡ್‌ಗಳನ್ನು ಮೇಲಧಿಕಾರಿಗಳಿಗೆ ಕೊಡಲು ಒಪ್ಪಲಿಲ್ಲ. ಅವರನ್ನು ಬಂಧಿಸಿದ ಮೇಲೂ ಕೊಡಲಿಲ್ಲ. ಕೊನೆಗೆ ನಗರದ ಮೇಯರ್ ಜೈಲಿಗೇ ಹೋಗಿ ಪಡೆಯಬೇಕಾಯಿತು. ಆ ವ್ಯಕ್ತಿ ಕೆಲಸ ಬಲ್ಲವರೇ. ಆದರೆ ತಾನು ಕಾಯುತ್ತಿದ್ದ ಮನೆಯನ್ನು ತನ್ನದೇ ಎಂದುಕೊಂಡರು. ನಮ್ಮ ಊರಿನಲ್ಲೂ ಇದು ಸಣ್ಣ ಪ್ರಮಾಣದಲ್ಲಿ ದಿನವೂ ನಡೆಯುತ್ತದೆ. ಬಾಕಿ ಬಿಲ್ ಕೊಡುವವರೆಗೆ ಅಡ್ಮಿನ್ ಪಾಸ್‌ವರ್ಡ್ ಕೊಡುವುದಿಲ್ಲ ಎನ್ನುವ ಸಪೋರ್ಟ್‌ನವರನ್ನು ನಾನು ನೋಡಿದ್ದೇನೆ. ಬಾಕಿ ನ್ಯಾಯವಾದದ್ದೇ ಇರಬಹುದು. ಅದಕ್ಕೆ ಬೇರೆ ದಾರಿ ಇದೆ. ಬೀಗದ ಕೈ ಅಡವಿಟ್ಟುಕೊಳ್ಳಲು ಅದು ನಮ್ಮದಲ್ಲ.

ಆದ್ದರಿಂದ ನಮ್ಮ ಆಫೀಸಿನಲ್ಲಿ ಮೂರು ಕಟ್ಟುಪಾಡು. ಒಂದು, ನಮ್ಮ ಪ್ರತಿಯೊಬ್ಬ ಹುಡುಗನಿಗೂ ಪ್ರತಿ ಕಾರ್ಖಾನೆಯಲ್ಲೂ ಅವನದೇ ಹೆಸರಿನ ಖಾತೆ, ಎಲ್ಲರೂ ಸೇರಿ ಬಳಸುವ ಅಡ್ಮಿನ್ ಇಲ್ಲ. ದಿನದ ಕೆಲಸಕ್ಕೆ ಸಾಮಾನ್ಯ ಖಾತೆ, ಸರ್ವರ್ ಮುಟ್ಟುವಾಗ ಮಾತ್ರ ಬೇರೆ ಖಾತೆ. ಎರಡು, ನಮ್ಮಲ್ಲಿ ಒಬ್ಬ ಕೆಲಸ ಬಿಟ್ಟರೆ ಅಂದು ಸಂಜೆಯೊಳಗೆ ಎಲ್ಲ ಕಾರ್ಖಾನೆಗಳಲ್ಲೂ ಅವನ ಖಾತೆ ಬಂದ್. ಮೂರು, ಡೊಮೈನ್‌ನ ಮೂಲ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಮೊಹರು ಮಾಡಿದ ಲಕೋಟೆಯಲ್ಲಿ ಮಾಲೀಕರ ತಿಜೋರಿಯಲ್ಲಿರುತ್ತದೆ. ಅಗತ್ಯಕ್ಕೆ ಒಡೆದರೆ ಹೊಸ ಪಾಸ್‌ವರ್ಡ್, ಹೊಸ ಲಕೋಟೆ. ನಾಳೆ ನಮ್ಮನ್ನು ಬಿಟ್ಟು ಬೇರೆಯವರನ್ನು ಇಟ್ಟುಕೊಳ್ಳಬೇಕು ಎಂದರೆ ಅವರು ನಮ್ಮ ಮುಲಾಜಿಗೆ ಬೀಳಬಾರದು. ಕಳೆದ ವರ್ಷ ಒಂದು ಕಾರ್ಖಾನೆ ನಮ್ಮನ್ನು ಬಿಟ್ಟಿತು. ಒಂದೇ ದಿನದಲ್ಲಿ ಎಲ್ಲ ಒಪ್ಪಿಸಿ ಬಂದೆವು. ಆರು ತಿಂಗಳ ನಂತರ ಆ ಮಾಲೀಕರು ತಮ್ಮ ತಮ್ಮನ ಕಾರ್ಖಾನೆಯ ಕೆಲಸವನ್ನು ನಮಗೆ ಕೊಡಿಸಿದರು.

ಇಲ್ಲಿರುವ ದಾನಿಗಳಲ್ಲಿ ನನ್ನದೊಂದು ಮನವಿ. ಈ ವಾರ ನಿಮ್ಮ ಸಪೋರ್ಟ್‌ನವರನ್ನು ಎರಡು ಪ್ರಶ್ನೆ ಕೇಳಿ. ಕೆಲಸ ಬಿಟ್ಟುಹೋದ ಎಷ್ಟು ಜನರ ಖಾತೆ ಇನ್ನೂ ಜೀವಂತ ಇದೆ? ನೀವು ನಾಳೆ ಬರದಿದ್ದರೆ ನಮ್ಮ ಸರ್ವರ್ ಬಾಗಿಲು ನಾವೇ ತೆರೆಯಬಲ್ಲೆವೇ? ಉತ್ತರ ತಡವರಿಸಿದರೆ ಅಲ್ಲಿಂದ ಕೆಲಸ ಶುರುಮಾಡಿ.

ವಿದ್ಯಾರ್ಥಿಗಳೆ, ಈ ವೃತ್ತಿಗೆ ದೊಡ್ಡ ಕಾಲೇಜಿನ ಹೆಸರು ಬೇಕಿಲ್ಲ. ನಾನು ಡಿಪ್ಲೊಮಾ ಓದಿದವನು. 16 ಜಿಬಿ ಮೆಮೊರಿ ಇರುವ ಒಂದು ಹಳೆಯ ಲ್ಯಾಪ್‌ಟಾಪ್ ಸಾಕು. ವಿಂಡೋಸ್ ಸರ್ವರ್‌ನ ಪರೀಕ್ಷಾರ್ಥ ಪ್ರತಿಯನ್ನು ಮೈಕ್ರೋಸಾಫ್ಟ್ 180 ದಿನಕ್ಕೆ ಉಚಿತವಾಗಿ ಕೊಡುತ್ತದೆ. ವರ್ಚುವಲ್ ಯಂತ್ರದಲ್ಲಿ ಹಾಕಿ ನಿಮ್ಮದೇ ಡೊಮೈನ್ ಕಟ್ಟಿ. ಇಪ್ಪತ್ತು ಖಾತೆ ಮಾಡಿ. ಒಂದು ಫೋಲ್ಡರ್‌ಗೆ ಒಬ್ಬನಿಗೆ ಮಾತ್ರ ಅನುಮತಿ ಕೊಡಿ. ಆಮೇಲೆ ಅವನನ್ನು ಅಳಿಸಿ, ಅದೇ ಹೆಸರಿನಲ್ಲಿ ಮತ್ತೆ ಮಾಡಿ ನೋಡಿ. ನಾನು ನೂರಾ ಹತ್ತು ಜನರ ಸಂಬಳದ ಮೇಲೆ ಕಲಿತದ್ದನ್ನು ನೀವು ಯಾರಿಗೂ ತೊಂದರೆ ಆಗದಂತೆ ಮನೆಯಲ್ಲೇ ಕಲಿಯಬಹುದು.

ಕೊನೆಯದಾಗಿ ತಂದೆ ತಾಯಂದಿರಿಗೆ ಒಂದು ಮಾತು. ಇದೆಲ್ಲ ಕಾರ್ಖಾನೆಯ ವಿಷಯ, ನಮಗೇನು ಎಂದುಕೊಳ್ಳಬೇಡಿ. ನಿಮ್ಮ ಮಕ್ಕಳಿಗೂ ಖಾತೆಗಳಿವೆ. ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್, ಕೇಂದ್ರದ ಎನ್‌ಎಸ್‌ಪಿ ಪೋರ್ಟಲ್‌ಗಳಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಸೈಬರ್ ಸೆಂಟರಿಗೆ ಹೋಗುತ್ತೀರಿ. ಅವಸರದಲ್ಲಿ ಅಂಗಡಿಯವರು ತಮ್ಮದೇ ಮೊಬೈಲ್ ನಂಬರ್ ಹಾಕಿ ನೋಂದಾಯಿಸುವುದುಂಟು. ಕೆಟ್ಟ ಉದ್ದೇಶ ಇರಬೇಕೆಂದೇನಿಲ್ಲ, ಓಟಿಪಿ ಬೇಗ ಸಿಗಲಿ ಎಂದಷ್ಟೇ ಇರಬಹುದು. ಮುಂದಿನ ವರ್ಷ ನವೀಕರಣಕ್ಕೆ ಹೋದಾಗ ಆ ಅಂಗಡಿ ಮುಚ್ಚಿರುತ್ತದೆ, ನಂಬರ್ ಬದಲಾಗಿರುತ್ತದೆ. ಅರ್ಜಿ ನಿಮ್ಮ ಮಗಳದು, ಬೀಗದ ಕೈ ಬೇರೆಯವರದು. ಕಳೆದ ಎರಡು ವರ್ಷ ಇದೇ ಸಭೆಯ ಹೊರಗೆ ಮೇಜು ಹಾಕಿಕೊಂಡು ಅರ್ಜಿ ತುಂಬಿಸುವಾಗ ಹೀಗೆ ಸಿಕ್ಕಿಹಾಕಿಕೊಂಡ ಹೆಣ್ಣುಮಕ್ಕಳ ಕಣ್ಣೀರು ನೋಡಿದ್ದೇನೆ.

ಹಾಗಾಗಿ ಇಂದು ಈ ವರದಿಯ ಜೊತೆ ಅರ್ಜಿ ನಮೂನೆ ತೆಗೆದುಕೊಂಡು ಹೋಗುವಾಗ ಇಷ್ಟು ನೆನಪಿಡಿ. ಮನೆಯಲ್ಲೇ ಉಳಿಯುವ ಮೊಬೈಲ್ ನಂಬರ್ ಕೊಡಿ. ಮಗುವಿನ ಹೆಸರಿನಲ್ಲೇ ಇ-ಮೇಲ್ ಮಾಡಿಸಿ. ಪಾಸ್‌ವರ್ಡನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಅಂಕಪಟ್ಟಿ ಇಡುವ ಪೆಟ್ಟಿಗೆಯಲ್ಲೇ ಇಡಿ. ಓಟಿಪಿಯನ್ನು ಫೋನಿನಲ್ಲಿ ಕೇಳಿದವರಿಗೆ ಹೇಳಬೇಡಿ. ಬರುವ ಭಾನುವಾರ ಬೆಳಗ್ಗೆ ಹತ್ತರಿಂದ ನಾನು ಮತ್ತು ನನ್ನ ಇಬ್ಬರು ಗೆಳೆಯರು ಇದೇ ಸಭಾಂಗಣದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತೇವೆ. ಹಳೆಯ ನಂಬರಿಗೆ ಸಿಕ್ಕಿಹಾಕಿಕೊಂಡ ಖಾತೆ ಇರುವವರು ಮಗುವನ್ನೂ ದಾಖಲೆಗಳನ್ನೂ ಕರೆದುಕೊಂಡು, ಹಿಡಿದುಕೊಂಡು ಬನ್ನಿ. ಬಿಡಿಸಲು ಪ್ರಯತ್ನಿಸೋಣ.

ಅಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗನಿಗೆ ಶುಲ್ಕ ಕಟ್ಟಿದವರು ಯಾರು ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಟ್ರಸ್ಟ್ ಹೇಳಲಿಲ್ಲ, ಅವರೂ ಹೇಳಿಕೊಳ್ಳಲಿಲ್ಲ. ಬಹುಶಃ ಇಲ್ಲೇ ಕುಳಿತಿದ್ದೀರಿ. ನೀವು ಕೊಟ್ಟದ್ದನ್ನು ನಾನು ಸರಿಯಾಗಿ ಕಾಯ್ದುಕೊಂಡಿದ್ದೇನೆಯೇ ಎಂಬ ಲೆಕ್ಕ ಒಪ್ಪಿಸುವುದು ನನ್ನ ಕರ್ತವ್ಯ ಎನಿಸಿತು. ಅದಕ್ಕೇ ಇಷ್ಟು ಹೇಳಿದೆ.